ಪರೀಕ್ಷೆಗೆ ಒಂದು ತಲೆ

“ನಾಳೆ ಹತ್ತಕ್ಕೆ ಬಾ. ಕೂದಲಿರೋ ತಲೆ ಒಂದನ್ನ ನೀನೇ ಕರ್ಕೊಂಡು ಬರ್ಬೇಕು. ಕಟಿಂಗ್ ನೋಡ್ತೀನಿ, ಕೆಲಸದ ಮಾತು ಆಮೇಲೆ,” ಎಂದುಬಿಟ್ಟಿದ್ದಳು ಗಂಡಸರ ಸಲೂನಿನ ಒಡತಿ. ಕೆಲಸ ಕೇಳಲು ಹೋಗಿದ್ದ ಅವನಿಗೆ ಈ ಹೊಸ ದೇಶದಲ್ಲಿ ಗುರುತಿದ್ದ ಗಂಡಸು ಒಬ್ಬನೇ, ಅಕ್ಕನ ಗಂಡ.

“ಭಾವನ್ನೇ ಕೂರಿಸೋ,” ಎಂದಳು ಅಕ್ಕ.

“ಆ ತಲೇಲಿ ಕತ್ತರಿಗೇನಕ್ಕ ಕೆಲಸ? ಒರೆಸೋ ಬಟ್ಟೆ ಸಾಕು.”

“ಲೋ, ನಿಂಗೆ ಅನ್ನ ಹಾಕ್ತಿರೋ ತಲೆ ಕಣೋ ಅದು!” ಒಳಗಿನಿಂದ ಭಾವ ನಗುತ್ತಲೇ ಕೂಗಿದರು. ನಾಲ್ಕು ತಿಂಗಳಿಂದ ಕೂತು ಉಣ್ಣುತ್ತಿದ್ದವನು ಅರ್ಧ ಊಟದಲ್ಲೇ ಎದ್ದು ಕೈ ತೊಳೆದ.

ಮರುದಿನ ಒಬ್ಬನೇ ಹೋದ. ಸಲೂನಿನ ಬಾಗಿಲಲ್ಲಿ ಗುಂಗುರು ಕೂದಲಿನ ಹುಡುಗನೊಬ್ಬ ಕತ್ತರಿಯ ಚೀಲ ಹಿಡಿದು, ಹೋಗಿಬರುವವರ ತಲೆಗಳನ್ನೇ ನೋಡುತ್ತ ನಿಂತಿದ್ದ. ಅವನೂ ಬೇರೆ ಯಾವುದೋ ದೇಶದಿಂದ ಬಂದವನು, ಇದೇ ಕೆಲಸಕ್ಕೆ.

“ನಿನ್ನ ತಲೆ ಎಲ್ಲಿ?” ಹರಕುಮುರುಕು ಭಾಷೆಯಲ್ಲಿ ಕೇಳಿದ ಇವನು.

“ಸಿಗ್ಲಿಲ್ಲ. ನಿಂದು?”

ಇಬ್ಬರಿಗೂ ನಗು ಬಂತು. “ಹಾಗಾದ್ರೆ ನಂದು ನಿಂಗೆ, ನಿಂದು ನಂಗೆ,” ಎಂದ ಗುಂಗುರು ಕೂದಲಿನವನು. ಒಡತಿಯೂ ಒಪ್ಪಿದಳು.

ಮೊದಲ ಸರದಿ ಇವನದು. ಏಳು ವರ್ಷ ಕತ್ತರಿ ಹಿಡಿದ ಕೈ, ಆದರೆ ಕತ್ತರಿಸಿದ್ದೆಲ್ಲ ನೆಟ್ಟಗಿನ ಕೂದಲು. ರೂಢಿಯಂತೆ ನೀರು ಚಿಮುಕಿಸಿ, ಎಳೆದು ಬಾಚಿ, ಗೆರೆ ಹೊಡೆದಂತೆ ಸಮ ಮಾಡಿದ. ಒಣಗುತ್ತಲೇ ಕೂದಲು ಸುರುಳಿ ಸುತ್ತಿ ಮೇಲೆದ್ದಿತು, ಬಲಗಿವಿಯ ಮೇಲೆ ಬೆರಳಗಲ ಹೆಚ್ಚಾಗಿಯೇ. ಒಡತಿ ಹುಬ್ಬೇರಿಸಿದಳು.

ಈಗ ಇವನು ಕುರ್ಚಿಯಲ್ಲಿ, ಅವನು ಹಿಂದೆ. ಕತ್ತರಿ ಕಿವಿಯ ಪಕ್ಕ ಕಿಚಕಿಚ ಎನ್ನುತ್ತಿತ್ತು. ಒಮ್ಮೆ ತಲೆ ಅಲುಗಿಸಿದರೆ ಸಾಕು, ಇಬ್ಬರೂ ಸಮ. ಸೀನು ಬಂತು ಎಂದರೆ ಯಾರು ತಪ್ಪೆನ್ನುತ್ತಾರೆ? ಕನ್ನಡಿಯಲ್ಲಿ ಆ ಹುಡುಗನ ಮುಖ ಕಂಡಿತು. ನಾಲಿಗೆ ಕಚ್ಚಿಕೊಂಡು ಉಸಿರು ಬಿಗಿಹಿಡಿದಿದ್ದ. ಇವನೂ ಉಸಿರು ಬಿಗಿಹಿಡಿದು ಕಲ್ಲಿನಂತೆ ಕೂತ.

ಮನೆಗೆ ಬಂದಾಗ ಬಾಗಿಲು ತೆಗೆದ ಅಕ್ಕ, ಭುಜ ಹಿಡಿದು ಅವನನ್ನು ಒಂದು ಸುತ್ತು ತಿರುಗಿಸಿ ನೋಡಿದಳು.

“ಅಬ್ಬಾ, ಎಷ್ಟು ಚೆನ್ನಾಗಿ ಕಟ್ ಮಾಡಿದಾರೋ! ಕೆಲಸ ಸಿಕ್ತು ತಾನೇ?”

“ಸಿಕ್ತು ಅಕ್ಕ,” ಎಂದ ಅವನು ಚಪ್ಪಲಿ ಬಿಡುತ್ತ. “ಇದನ್ನ ಕಟ್ ಮಾಡ್ದೋನಿಗೆ.”