ಇಟಲಿ ಪೆನ್ನಿನ ಕ್ಯಾಪು

ಇಟಲಿಯಿಂದ ತರಿಸಿದ ದುಬಾರಿ ಪೆನ್ನುಗಳನ್ನು ರುದ್ರಮುನಿ ಹೆಂಡತಿಗೂ ಮುಟ್ಟಲು ಕೊಟ್ಟವನಲ್ಲ. ಆದರೆ ಬ್ಯಾಂಕಿನಲ್ಲಿ ಅಪರಿಚಿತನೊಬ್ಬ, "ಒಂದು ಸೈನ್ ಹಾಕಿ ಕೊಟ್ಬಿಡ್ತೀನಿ ಸಾರ್" ಎಂದಾಗ ದಾಕ್ಷಿಣ್ಯಕ್ಕೆ ಬಿದ್ದ. ಜಾಣನಂತೆ ಕ್ಯಾಪನ್ನು ತನ್ನಲ್ಲೇ ಇಟ್ಟುಕೊಂಡು ಪೆನ್ನು ಕೊಟ್ಟ. ಆಸಾಮಿ ಪೆನ್ನಿನ ಸಮೇತ ಮಾಯವಾದ.

ರುದ್ರಮುನಿ ಎದ್ದುಬಿದ್ದು ಊರಿನಲ್ಲಿದ್ದ ಒಬ್ಬನೇ ಹಳೇ ಪೆನ್ನಿನ ವ್ಯಾಪಾರಿಯ ಅಂಗಡಿಗೆ ಓಡಿದ.

"ಅಣ್ಣಾ, ಕ್ಯಾಪಿಲ್ಲದ ಇಟಲಿ ಪೆನ್ನೇನಾದ್ರೂ ಮಾರೋಕೆ ಬಂದಿದ್ಯಾ?"

"ಈಗಷ್ಟೇ ಬಂತು. ತಂದೋರು ಒಳಗೆ ಕೂತು ಗೋಳಾಡ್ತಿದ್ದಾರೆ, ಪಾಪ."

"ಸಿಕ್ಕಿಬಿದ್ನಲ್ಲ! ಇಲ್ನೋಡಿ, ಅದರ ಕ್ಯಾಪು ನನ್ನ ಹತ್ರಾನೇ ಇದೆ!" ರುದ್ರಮುನಿ ಗೆದ್ದವನಂತೆ ಜೇಬಿನಿಂದ ತೆಗೆದು ತೋರಿಸಿದ.

ವ್ಯಾಪಾರಿ ಅವನ ರಟ್ಟೆಯನ್ನು ಗಬಕ್ಕನೆ ಹಿಡಿದು ಒಳಕ್ಕೆ ಕೂಗಿದ: "ಸಾರ್, ಬೇಗ ಬನ್ನಿ! ನಿಮ್ಮ ಕ್ಯಾಪು ಕದ್ದೋನು ತಾನಾಗೇ ಬಂದಿದಾನೆ!"