ಹೆದರದವರ ಅಳತೆ

ಮೂರನೇ ಸಲವೂ ಯಂತ್ರ ಅಪ್ಪನನ್ನು ನಲವತ್ತನೇ ಮಹಡಿಯಿಂದ ಸೀದಾ ನೆಲಕ್ಕೆ ಇಳಿಸಿಬಿಟ್ಟಿತು.

ಆ ಮಹಡಿ ಇದ್ದದ್ದು ವಿಆರ್ ಕನ್ನಡಕದೊಳಗೆ. ಅಪ್ಪ ಇದ್ದದ್ದು ಮಗಳ ಪ್ರಯೋಗಾಲಯದ ಕುರ್ಚಿಯಲ್ಲಿ, ಬೆರಳಿಗೆ ಎರಡು ತಂತಿ ಸುತ್ತಿಕೊಂಡು. ಎದೆಬಡಿತ ಏರಿ ಕೈ ಬೆವರಿದರೆ, ಕೂತವರು ಹೆದರಿದ್ದಾರೆಂದು ತಿಳಿದು ಯಂತ್ರ ತಾನಾಗಿಯೇ ಎತ್ತರವನ್ನು ತಗ್ಗಿಸಬೇಕು. ಎತ್ತರ ಕಂಡರೆ ನಡುಗುವ ರೋಗಿಗಳಿಗಾಗಿ ಮಗಳು ಎರಡು ವರ್ಷ ನಿದ್ದೆಗೆಟ್ಟು ಮಾಡಿದ್ದು. ನಾಳೆ ಮೊದಲ ರೋಗಿ ಬರುವವರಿದ್ದರು. ಅದಕ್ಕೆ ಮುಂಚೆ, ಹೋಲಿಸಿ ನೋಡಲು, ಒಬ್ಬ ಹೆದರದ ಮನುಷ್ಯನ ಎದೆಬಡಿತ, ಬೆವರಿನ ಅಳತೆ ಬೇಕಿತ್ತು. ಮೂವತ್ತು ವರ್ಷ ದೊಡ್ಡ ದೊಡ್ಡ ಕಟ್ಟಡಗಳ ಹೊರಗೆ ಹಗ್ಗಕ್ಕೆ ಜೋತುಬಿದ್ದು ಗಾಜು ಒರೆಸಿದ ಅಪ್ಪನಿಗಿಂತ ಬೇರೆ ಯಾರು ಬೇಕು?

"ನಿನ್ನ ಯಂತ್ರಕ್ಕೆ ತಲೆ ಕೆಟ್ಟಿದೆ ಕಣೇ. ನಂಗೆ ಆಕಾಶ ಅಂದ್ರೆ ಅಟ್ಟ ಇದ್ದ ಹಾಗೆ," ಎಂದರು ಅಪ್ಪ. ಮನೆಯಲ್ಲಿ ಈ ಮಾತು ಕೇಳಿ ಕೇಳಿ ಗೋಡೆಗೂ ಬಾಯಿಪಾಠವಾಗಿತ್ತು. ಮೂಲೆಯ ಸೋಫಾದಲ್ಲಿ ಅಮ್ಮ ಕಣ್ಣು ಮುಚ್ಚಿ ತೂಕಡಿಸುತ್ತಿದ್ದರು.

ಮಗಳಿಗೆ ಅಳುವೇ ಬಂದಂತಾಯಿತು. "ಹಾಗಾದ್ರೆ ತಪ್ಪು ನಂದೇ ಅಪ್ಪ. ನಿಮ್ಮ ಈ ಅಳತೇನೇ ಧೈರ್ಯ ಅಂತ ಯಂತ್ರಕ್ಕೆ ತುಂಬಿಸಿಬಿಡ್ತೀನಿ. ಇಷ್ಟು ಬೆವರಿದ್ರೂ ಕೆಳಗಿಳಿಸಬಾರದು ಅಂತ."

"ಆಮೇಲೆ, ನಾಳೆ ಬರೋರು?"

"ಅವರೂ ನಿಮ್ಮಷ್ಟು ಬೆವರಿದ್ರೆ, ಮೇಲೇ ಇರ್ತಾರೆ."

ಅವಳ ಬೆರಳುಗಳು ಕೀಲಿಮಣೆಯ ಮೇಲೆ ಓಡತೊಡಗಿದವು. ಅಪ್ಪ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಪರದೆಯ ಮೇಲೆ ಅವರ ಎದೆಬಡಿತ, ಈಗ ನೆಲದ ಮೇಲಿದ್ದೂ, ಸರಸರನೆ ಏರುತ್ತಿತ್ತು. ಯಾರೋ ಪಾಪದವರು ತಮ್ಮಿಂದಾಗಿ ನಲವತ್ತನೇ ಮಹಡಿಯಲ್ಲಿ ಸಿಕ್ಕಿಹಾಕಿಕೊಳ್ಳುವುದು ಅವರಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

"ತಡಿ, ಅದನ್ನ ಮುಟ್ಟಬೇಡ," ಎಂದರು ಕೊನೆಗೆ. "ಯಂತ್ರ ಸರಿಯಾಗೇ ಇದೆ. ಒಂದೇ ಒಂದು ದಿನ ಕೂಡ ನಾನು ಹೆದರದೆ ಹಗ್ಗ ಹಿಡಿದವನಲ್ಲ."

ಮಗಳು ಕೀಲಿಮಣೆಯಿಂದ ಕೈ ತೆಗೆದಳು.

ಅಪ್ಪ ಸೋಫಾದ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ನಮ್ಮಿಬ್ಬರಲ್ಲೇ ಇರ್ಲಿ. ನಿಮ್ಮಮ್ಮನಿಗೆ ಗೊತ್ತಾದ್ರೆ ನನ್ನ ಮರ್ಯಾದೆ ಮೂರು ಕಾಸಿಗೆ ಹೋಗುತ್ತೆ."

ಅಮ್ಮ ಕಣ್ಣು ತೆರೆಯಲಿಲ್ಲ. ಪಕ್ಕದ ಚೀಲಕ್ಕೆ ಕೈ ಹಾಕಿ, ಮಡಿಸಿಟ್ಟ ಟವೆಲೊಂದನ್ನು ತೆಗೆದು ಅಪ್ಪನತ್ತ ಚಾಚಿದರು.

"ಮೂವತ್ತು ವರ್ಷ ಊಟದ ಡಬ್ಬಿ ಜೊತೆ ದಿನಾ ಒಂದು ಒಣ ಟವೆಲ್ ಇಡ್ತಿದ್ದೆನಲ್ಲ, ಗಾಜು ಒರೆಸೋಕೆ ಅಂದ್ಕೊಂಡಿದ್ರಾ?"