ಕಸ್ತೂರಿಯ ದಣಿವು

ಓಟಗಾರರ ದಣಿವನ್ನು ಮನೆಯವರೊಬ್ಬರು ಹೊರಬಹುದೆಂಬ ನಿಯಮ ಬಂದು ಹನ್ನೊಂದು ವರ್ಷಗಳಾಗಿದ್ದವು. ಅಂದಿನಿಂದ ನನ್ನ ತಂಗಿ ಕಸ್ತೂರಿ ಓಡುತ್ತಿದ್ದಳು, ನಾನು ದಣಿಯುತ್ತಿದ್ದೆ. ಹತ್ತೊಂಬತ್ತು ಮ್ಯಾರಥಾನ್, ಹದಿನಾಲ್ಕು ಚಿನ್ನ. ಪ್ರತಿ ಓಟದ ನಂತರ ನಾಲ್ಕು ದಿನ ನಾನು ಗೋಡೆ ಹಿಡಿದು ನಡೆಯುತ್ತಿದ್ದೆ.

ಇನ್ನೊಂದು ಓಟವನ್ನು ನನ್ನ ಹೃದಯ ತಡೆಯದು ಎಂದು ಡಾಕ್ಟರ್ ಬರೆದುಕೊಟ್ಟರು. ಮುಂದಿನ ಓಟವೊಂದನ್ನು ಗೆದ್ದರೆ ಕಸ್ತೂರಿಗೆ ಒಲಿಂಪಿಕ್ಸ್. ಚೀಟಿಯನ್ನು ಅವಲಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟೆ.

ಧಾರವಾಡದ ಮೈದಾನದಲ್ಲಿ, ದಣಿವು ಹೊರುವವರ ಸಾಲಿನಲ್ಲಿ, ಎಂದಿನಂತೆ ದಣಿವು ದಾಟಿಸುವ ಜೋಡಿ ಪಟ್ಟಿಗಳಲ್ಲಿ ಒಂದನ್ನು ಕೈಗೆ ಕಟ್ಟಿಕೊಂಡು ಬಿಸಿ ಉಪ್ಪುನೀರಿನ ಟಬ್ಬಿನಲ್ಲಿ ಕಾಲಿಟ್ಟು ಕುಳಿತೆ. ಪಕ್ಕದ ಕುರ್ಚಿಯ ಅಜ್ಜಿ ಹತ್ತನೇ ಕಿಲೋಮೀಟರಿಗೇ ನರಳತೊಡಗಿದರು. ಮೂವತ್ತು ದಾಟಿದರೂ ನನಗೆ ಏನೂ ಬರಲಿಲ್ಲ. ಕಸ್ತೂರಿ ಎಲ್ಲಾದರೂ ಬಿದ್ದಳೇನೋ ಎಂದು ದಾರಿಯತ್ತ ಕತ್ತು ಚಾಚಿದೆ.

ಎಲ್ಲರೂ ಮುಗಿಸಿದ ಮೇಲೆ ಅವಳು ಕುಂಟುತ್ತ ನಡೆದು ಬಂದಳು. ಅವಳ ಕೈಯಲ್ಲಿ ಇನ್ನೊಂದು ಪಟ್ಟಿ ಇರಲಿಲ್ಲ.

"ದಿನಾ ಅವಲಕ್ಕಿ ತಿನ್ನಾಕಿ ನಾನು. ಅದೇ ಡಬ್ಬಿಯೊಳಗ ಚೀಟಿ ಇಟ್ಟೀಯಲ್ಲ, ಶಾಣ್ಯಾಕಿ."

"ಒಲಿಂಪಿಕ್ಸ್ ಹೋತಲ್ಲ, ಹುಚ್ಚಿ," ಎಂದೆ.

"ಹೋಗ್ಲಿ." ಅವಳು ನನ್ನ ಪಕ್ಕದಲ್ಲಿ ಕುಸಿದು ಕುಳಿತಳು. "ಅಕ್ಕಾ, ಹತ್ತೊಂಬತ್ತು ಸಲಾನೂ ಇಷ್ಟ ನೋಯ್ತಿತ್ತೇನು ನಿನಗ?"

ನಾನು ಬಗ್ಗಿ ಅವಳ ಬೂಟಿನ ಲೇಸು ಬಿಚ್ಚಿದೆ.

"ಸ್ವಲ್ಪ ಆ ಕಡೆ ಸರಿ," ಎಂದು ತನ್ನ ಕಾಲುಗಳನ್ನು ನನ್ನ ಟಬ್ಬಿಗೆ ಇಳಿಸಿದಳು. ನೀರು ಆರಿಹೋಗಿತ್ತು. ಬಿಸಿನೀರು ತರಲು ನಾನೇ ಎದ್ದು ಹೋದೆ, ಯಾವ ಗೋಡೆಯನ್ನೂ ಹಿಡಿಯದೆ.